ಜವಾರಿ

ನಮ್ಮೂರಾಗ ಜವಾರಿ ಅಂದ್ರ ಜ್ವಾಳ,
ಮುಳ್ಳಿನ ಬದನಿಕಾಯಿ, ಉದ್ದ ಕಾಲಿನ ಕೋಳಿ,
ಮತ್ತ ನನ್ನ ಮಾತು:
ಸಾಂಗಲಿ ಬಸ್ಸಿನ್ಯಾಗ ಬಾಯಿ ಬಿಟ್ಟರ
ಮುಂದಿನ ಸೀಟು ಹೊಳ್ಳಿ ನೋಡಿ ನಗುವಂಥ ಮಾತು.

ಮಿರಜಿಗೆ ಬಂದ ಮ್ಯಾಲ ಗೊತ್ತಾತು
ತಂಬೂರಿಗೂ ಒಂದು ಜವಾರಿ ಇರತೈತಿ.
ತಂತಿ ಹಾಯೂದು ಕುದುರಿಯ ಮ್ಯಾಲ,
ಎಲುವಿನ ಕುದುರಿ, ಅಂಗೈಯಾಗ ಹಿಡಿಯುವಷ್ಟು.
ಅದರ ಬೆನ್ನು ಅರದಿಂದ ತಿಕ್ಕಿ ತಿಕ್ಕಿ
ಕೂದಲೆಳಿಯಷ್ಟು ಇಳಿಜಾರು ಕೊಟ್ಟರ
ಒಂದು ತಂತಿಯೊಳಗಿಂದ ನೂರು ತಂತಿ ಎದ್ದು ಕೂಡತಾವ.
ಹೆಚ್ಚಾತೋ, ತಗಡು.
ಕಡಿಮಿ ಆತೋ, ಮೂಕ.

ಹನ್ನೊಂದು ವರ್ಷ ಗೈಬುಚಾಚಾನ ಅಂಗಡಿ ಕಸ ಹೊಡದೆ.
ಬುರುಡಿ ಒರೆಸಿ ಸಾಲಾಗಿ ಇಟ್ಟೆ,
ಅರಗಿನ ವಾಸನಿ ಸೀರಿಗೆ ಹತ್ತಿ ಮನಿತನಕ ಬರತಿತ್ತು.
ಗಂಡಸರು ಕೂತು ತಿಕ್ಕತಿದ್ರು,
ನಾ ಬಾಗಿ ಪುಡಿ ಬಳೀತಿದ್ದೆ.
ಬಾಗಿದವರ ಕಿವಿ ಬುರುಡಿಯ ಮಟ್ಟಕ್ಕ ಬರತೈತಿ,
ಅದು ಯಾರಿಗೂ ಹೊಳೀಲಿಲ್ಲ.

ಒಂದಿನ ಬಾಯಿ ತಪ್ಪಿ ಅಂದೆ:
"ಖರ್ಜದ ತಂತಿ ಇನ್ನೂ ಮಲಗೇತಿ, ಚಾಚಾ."
ಅಂಗಡಿ ಗೊಳ್ಳಂತು.
"ಕಸಬರಿಗಿನೂ ಸುರ ಹಿಡೀತಪಾ" ಅಂದ ಬಾಳಾಸೋ.
ಚಾಚಾ ನಗಲಿಲ್ಲ, ಬೈಲಿಲ್ಲ,
ಅದಽ ತಂತಿ ಇನ್ನೊಮ್ಮೆ ಮೀಟಿ
ನನ್ನ ಚಹಾ ತರಾಕ ಕಳಿಸಿದ.

ಒಡಕು ಕುದುರಿ ತೂಕಕ್ಕ ಕೊಂಡೆ.
ಮಗಳು ಮಲಗಿದ ಮ್ಯಾಲ, ಒಲಿಕಟ್ಟಿಯ ಮ್ಯಾಲ,
ಹದಿನೇಳು ಕೆಡಿಸಿದೆ.
ಹದಿನೇಳನೇದು ಕೆಟ್ಟಾಗ ಅತ್ತೆ ಅಂತ ಹೇಳಿದ್ರ ಛಂದ ಇರತಿತ್ತು.
ಅಳಲಿಲ್ಲ. ಹಸಿವಾತು, ಅರ್ಧ ರೊಟ್ಟಿ ತಿಂದೆ.

ಅಂಗಡಿಯೊಳಗ ಎಣಿಕಿ ಮರಾಠಿ: ಏಕ, ದೋನ, ತೀನ.
ನಾನೂ ಹಂಗಽ ಎಣಿಸಿ ತಿಕ್ಕತಿದ್ದೆ,
ಕೈ ನನ್ನದಿದ್ದರೂ ಅವರದಾಗತಿತ್ತು.
ಒಂದು ರಾತ್ರಿ ಪರಳಿ ಗಾಡಿ ಕೂಗಿ ಲೆಕ್ಕ ತಪ್ಪಿತು.
ಮತ್ತ ಸುರು ಮಾಡಿದಾಗ ನಾಲಿಗಿಗೆ ಬಂದದ್ದು
ಅವ್ವ ಕಣದಾಗ ಜ್ವಾಳ ಅಳಿಯೂ ಲೆಕ್ಕ:
ಲಾಭ, ಎರಡು, ಮೂರು...
ಒಂದು ಅನ್ನೂದಽ ಇಲ್ಲ ಆ ಎಣಿಕಿಯೊಳಗ,
ಲಾಭದಿಂದಽ ಸುರು.
ಕೈ ಹಗುರಾತು.

ಧೈರ್ಯ ಅಂದ್ರ ಏನಂತ ಕೇಳಿದ್ರ
ನಾ ಹುಲಿ ಸಿಂಹ ಅನ್ನಾಕಿ ಅಲ್ಲ.
ತಂತಿಗೂ ಕುದುರಿಗೂ ನಡುವ ಒಂದು ಹತ್ತಿ ನೂಲು ಸೇರಸ್ತಾರ,
ಹರಕು ಹೊಲಿಯಾಕೂ ಸಾಲದಂಥದು.
ಜೀವಾಳ ಅದರ ಹೆಸರು.
ಎಳ್ಳಷ್ಟು ಆಚೀಚಿ ಆದ್ರ ತಂಬೂರಿ ಸತ್ತಂಗ.
ಸರಿಸೂ ಬೆರಳಿಗೆ ಯಾರೂ ಹೇಳಾಂಗಿಲ್ಲ,
ಇಲ್ಲೇ, ಇಲ್ಲಿ ನಿಲ್ಲು ಅಂತ.
ಬೆರಳಽ ನಿಲ್ಲಬೇಕು.

ಕಾರಹುಣ್ಣಿವಿ ಮುಗಿದ ವಾರ
ಚಾಚಾ ಹೊಸಾ ಕುದುರಿಯೊಂದನ್ನ ಪುಡಿಯ ಮ್ಯಾಲ ಬಿಟ್ಟು
ನಮಾಜಿಗೆ ಎದ್ದು ಹೋದ.
ಮರತನೋ, ಬಿಟ್ಟನೋ,
ಇವತ್ತಿಗೂ ನಾ ಕೇಳಿಲ್ಲ.
ತಗೊಂಡೆ.

ಶ್ರಾವಣದಾಗ ಧಾರವಾಡದಿಂದ ಹಾಡಾಕಿ ಒಬ್ಬಾಕಿ ಬಂದ್ಲು,
ಬಿಳಿಗೂದಲು, ಕೈಯಾಗ ಒದ್ದಿ ಕೊಡಿ.
ಕಣ್ಣು ಮುಚ್ಚಿ ಮೀಟಿದ್ಲು.
ಗಲ್ಲಿಯೊಳಗ ರಿಕ್ಷಾ ಒಂದಽ ಸವನ ಹಾರ್ನ್ ಹೊಡೀತಿತ್ತು,
ಅದೂ ಒಳಗ ಬಂದು ಸುರದ ಬಾಜೂಕ ಕುಂತಂಗಾತು.

"ಈ ಜವಾರಿ ಯಾರ ಕೈದು?"

ಬಾಳಾಸೋ ಅರ ಒರಸ್ಕೋತ ಕುಂತ.
ಚಾಚಾ ಚಾಳೀಸು ತಗದು ಅದರ ಗಾಜು ನೋಡಿದ.
ನನ್ನ ಹೆಸರು ಹೇಳತಾನಂತ ಕಾದೆ.
ಹೇಳಲಿಲ್ಲ.
ಹೇಳಿದ್ದರ ಅದು ಅವನ ಮಾತಾಗತಿತ್ತು.

ಕಸಬರಿಗಿ ಗ್ವಾಡಿಗೆ ಆನಿಸಿಟ್ಟು
"ನಂದರೀ, ಲಗಮವ್ವಂದು" ಅಂದೆ,
ಬಸ್ಸು ನಕ್ಕಿತ್ತಲ್ಲ, ಅದಽ ಬಾಯಿಲೆ.

ದನಿ ನಡಕಽ ಒಡೀತು.
ಇನ್ನೊಂದೀಟು ತಿಕ್ಕೂದಿತ್ತು.