ಉಲ್ಟಾ ಎಲಿ

ಪಿಚ್ಚರಿನಾಗ ಹೀರೋ ಅಳತಾನ,
ಭಾಲ್ಕಿ ಟಾಕೀಜಿನ ತುಂಬ ಹೆಂಗಸರು ಮೂಗು ಒರಸಿಕೊಳ್ಳತಾರ.
ಸುಲ್ತಾನರ ಕಾಲದ ಕತಿ. ಹೂಜಿ ಕೆತ್ತಾಂವ ಒಬ್ಬ,
ಹಾಡಾಕಿ ಒಬ್ಬಾಕಿ, ನಡುವ ಕಿಲ್ಲಾದ ಬಾಗಲಾ.
ನನ್ನ ಸೊಸಿ ಸೆರಗು ತೋಯಿಸಿ ಕುಂತಾಳ.
ನಾ ಅಳಲಿಲ್ಲ. ಅವನ ರುಮಾಲಿನ ಜರಿ ಹೊಸಾದಿತ್ತು,
ಉಗುರು ಸ್ವಚ್ಛ ಇದ್ದವು.
ಬಿದರಿ ಕೆಲಸದವನ ಉಗುರು ಹಂಗ ಇರೂದಿಲ್ಲ.

ಆಮ್ಯಾಲ ಪಡದಿ ಮ್ಯಾಲ ಬರೇ ಕೈ ಬಂದ್ವು.

ಮಾರಿ ಇಲ್ಲ, ರುಮಾಲ ಇಲ್ಲ,
ಮೊಣಕೈ ತನಕ ಎರಡು ಕೈ, ಆನಿಯಷ್ಟು ದೊಡ್ಡವು,
ಎಡಗೈ ಹೆಬ್ಬಟ್ಟಿನ ಉಗುರು ನಟ್ಟನಡುವ ಸೀಳಿತ್ತು.

ಆ ಸೀಳು ನನಗ ಗೊತ್ತು.
ಅದು ಬಿದ್ದ ದಿನ ನಾ ಎದುರಿಗೇ ಇದ್ದೆ.
ಬೀದರಿನಾಗ, ಚೌಬಾರಾದ ಹಿಂದಿನ ಓಣಿ, ತಗಡಿನ ಶೆಡ್ಡು.
ನಮ್ಮಪ್ಪ ಡ್ರಾಯಿಂಗ್ ಮಾಸ್ತರ, ಕಾರ್ಖಾನಿಗೆ ನಕಾಶಿ ಬರದು ಕೊಡತಿದ್ದ,
ಅವಗ ಕಣ್ಣು ಮಂಜಾದ ವರ್ಷ ನಾ ಬರದು
ಅಪ್ಪನ ಹೆಸರಿಲೆ ಒಯ್ದು ಕೊಡತಿದ್ದೆ.
"ನಾಳಿಗಿ ಭಾಲ್ಕಿಯವರು ನೋಡಲಿಕ್ಕ ಬರತಾರ" ಅಂದೆ.
ಸುತ್ತಿಗಿ ಒಮ್ಮೆ ತಪ್ಪಿತು.
ಲತೀಫ ಏನೂ ಅನಲಿಲ್ಲ, ಹೆಬ್ಬಟ್ಟು ಬಾಯಾಗ ಇಟ್ಟುಕೊಂಡ.

ಅದೇ ಬಾಯಿಲೆ ಅಂವ ಮಣ್ಣಿನ ರುಚಿ ನೋಡತಿದ್ದ.
ಕಿಲ್ಲಾದ ಒಳಗಿನ ಮಣ್ಣು, ನೂರಾರು ವರ್ಷ
ಬಿಸಿಲು ಕಾಣದ್ದು, ಮಳಿ ಕಾಣದ್ದು.
ನಾಲಿಗಿ ತುದೀಲೆ ಮುಟ್ಟಿ, ಇದು ಆಗತದ, ಇದು ಆಗೂದಿಲ್ಲ ಅನ್ನತಿದ್ದ.
ನವಸಾಗರದ ಜೋಡಿ ಕುದಿಸಿ ತಿಕ್ಕಿದರ
ಹೂಜಿ ಪೂರಾ ಕಪ್ಪಾಗತಿತ್ತು,
ಬೆಳ್ಳಿ ಮಾತ್ರ ಉಳೀತಿತ್ತು.
ಒಂದು ದಿನ ನನ್ನ ಬೆರಳಿಗೂ ಚೂರು ಹಚ್ಚಿದ. ನೆಕ್ಕಿ ನೋಡಿದೆ.
ಉಪ್ಪುಪ್ಪು. ಮತ್ತ ಏನೋ.
ಅದರ ಹೆಸರು ಸಿಗಲಿಲ್ಲ. ಇನ್ನೂ ಸಿಕ್ಕಿಲ್ಲ.

ಪಡದಿ ಮ್ಯಾಲಿನ ಕೈ ಈಗ ಬಳ್ಳಿ ಕೆತ್ತಲಿಕ್ಕ ಹತ್ತಿದವು.
ಮೈಲುತುತ್ತ ಬಳದ ಮೈ ಮ್ಯಾಲ ಮೊಳಿ ಓಡತದ,
ಎಲಿ, ಎಲಿ, ಮೊಗ್ಗಿ, ಎಲಿ, ಎಲಿ,
ಆರನೇದು
ಉಲ್ಟಾ.

ಬಳ್ಳಿ ಮುಂದ ಹೊಂಟರ ಅದೊಂದು ಎಲಿ ಹಿಂದ ಹೊಳ್ಳಿ ನೋಡತದ.
ನನ್ನ ತಪ್ಪು ಅದು. ಹತ್ತೊಂಬತ್ತರ ವಯಸ್ಸಿನಾಗ,
ಕಂದೀಲಿನ ಬೆಳಕಿನಾಗ ಮಾಡಿದ್ದು.
ಅಳಸಲಿಕ್ಕ ರಬ್ಬರ್ ತಗದಿದ್ದೆ;
"ಇರಲಿ" ಅಂದಿದ್ದ, "ಒಂದರೆ ಹೊಳ್ಳಿ ನೋಡಲಿ."

ಮೂವತ್ತೆಂಟು ವರ್ಷ.
ಎಷ್ಟು ಹೂಜಿ, ಎಷ್ಟು ಹುಕ್ಕಾ, ಎಷ್ಟು ಸುಪಾರಿ ಡಬ್ಬಿ,
ಯಾರ್ಯಾರ ಮನಿಯ ಕಪಾಟಿನಾಗ
ಆ ಎಲಿ ಹೊಳ್ಳಿ ನೋಡಕೋತ ಕುಂತದೋ,
ಇಲ್ಲಾ ಈ ಒಂದೇ ದಿನ, ಕ್ಯಾಮೆರಾದ ಮುಂದ,
ಬಗಲಾಗ ಯಾರೋ ಜಲ್ದಿ ಜಲ್ದಿ ಅನ್ನುವಾಗ
ಕೈಗೆ ತಾನ ನೆನಪಾತೋ.
ಯಾರಿಗೆ ಕೇಳಲಿ.

ಅಷ್ಟರಾಗ ಹೀರೋನ ಮಾರಿ ಬಂತು. ಹೂಜಿ ಎದಿಗವಚಿಕೊಂಡ.
ಮಂದಿ ಚಪ್ಪಾಳಿ ಹೊಡದರು.
"ಕಡಿಗೂ ನೀವೂ ಅತ್ತೀರಿ ನೋಡ್ರಿ" ಅಂದಳು ಸೊಸಿ.
"ಅಳೂ ಪಿಚ್ಚರೇ ಅಲ್ಲೇನ" ಅಂದೆ.

ಕಡಿಗಿ ಹೆಸರು ಓಡತಿದ್ದವು, ಬಟ್ಟಿ ಹೊಲದಾಂವ, ಕುದರಿ ಕೊಟ್ಟಾಂವ.
ನಾ ಎದ್ದಿರಲಿಲ್ಲ, ಒಂದೊಂದೇ ಓದತಿದ್ದೆ.
ಆಪರೇಟರ್ ನಡುವೇ ಲೈಟ್ ಹಾಕಿಬಿಟ್ಟ.

ಮರುದಿನ ಒಬ್ಬಾಕೇ ಹೋದೆ, ಮ್ಯಾಟಿನಿಗೆ. ಅದರ ಮರುದಿನಾನೂ.
ಗೇಟಿನ ಹುಡುಗ ಗುರ್ತು ಹಿಡದ:
"ಬಾಯಿ, ಹೀರೋ ಅಷ್ಟು ಚಂದ ಕಾಣತಾನೇನು?"
ಎರಡು ಮಿನಿಟಿನ ಕೈ ನೋಡಿ ನಡುವೇ ಎದ್ದು ಬರತಿದ್ದೆ.
ಹೊರಗ ಬಿಸಿಲು, ಟಾಂಗಾದ ಕುದರಿ ಮೂತಿ ನೀರಿನ ಬಕೇಟಿನಾಗ.
ಪ್ರತಿ ಸಲಾನೂ ಆರನೇ ಎಲಿ ಉಲ್ಟಾನೇ ಬಂತು.

ಶುಕ್ರವಾರ ಪಿಚ್ಚರ್ ಬದಲಾತು.
ಹೊಸಾ ಪೋಸ್ಟರಿನ ಗೋಂದು ಇನ್ನೂ ಹಸಿ ಇತ್ತು,
ಅದರ ಅಂಚಿನಾಗ ಹಳೇದರದೊಂದು ಚೂರು ಇಣಕತಿತ್ತು, ಕಪ್ಪು.
ಸುತ್ತ ಯಾರೂ ಇರಲಿಲ್ಲ.
ಬೆರಳಿಲೆ ಮುಟ್ಟಿ ನಾಲಿಗಿಗೆ ಹಚ್ಚಿದೆ.

ಮೈದಾ. ಬರೇ ಮೈದಾ.