ಕ್ರಿಯಾವಿಶೇಷಣ

ಲಗ್ಗೆರೆ ಬ್ರಿಡ್ಜಿನ ಪಕ್ಕ, ಟೈರು ಅಂಗಡಿಯ ಮೇಲೆ
ಶನಿವಾರ ಸಂಜೆ ಏಳಕ್ಕೆ ಇಂಗ್ಲಿಷು.
ಕೆಳಗೆ ಪಂಕ್ಚರಾದ ಟ್ಯೂಬು ಬಕೆಟ್ಟಿನ ನೀರಲ್ಲಿ
ಗುಳುಗುಳು ಎಂದು ತನ್ನ ತೂತು ತಾನೇ ಒಪ್ಪಿಕೊಳ್ಳುತ್ತಿತ್ತು.
ಮೇಲೆ ಫ್ಲಾರೆನ್ಸ್ ಮಿಸ್ಸು ಬೋರ್ಡಿಗೆ ಬರೆದರು
ಈ ವಾರದ ಪದ: ಟ್ರೆಚರಸ್ಲಿ.

ಬಳಸೋದು ಹೇಗೆ? ಅವರೇ ಒಂದು ಕೊಟ್ಟರು:
ರಸ್ತೆ ಟ್ರೆಚರಸ್ಲಿ ಒದ್ದೆಯಾಗಿತ್ತು.
ಚೌಡಪ್ಪನವರು ಕೈ ಎತ್ತಿದರು. ಜಲಮಂಡಳಿಯಲ್ಲಿ
ಮೂವತ್ತು ವರ್ಷ ವಾಲ್ವು ತಿರುಗಿಸಿದ ಕೈ.
"ರಸ್ತೆ ಹೇಗೆ ಮಿಸ್, ದ್ರೋಹ ಮಾಡತ್ತೆ?
ಅದೇನು ನಮ್ಮ ಉಪ್ಪು ತಿಂದಿತ್ತಾ?"
ನಕ್ಕೆವು. ಮಿಸ್ಸೂ ನಕ್ಕರು.
ಆಮೇಲೆ ಅವರೇ, ತಮ್ಮಷ್ಟಕ್ಕೆ:
"ಆದರೂ ರಾಜಕಾಲುವೆ ಮೇಲಿನ ಚಪ್ಪಡಿ...
ನೂರು ಸಲ ಹೊತ್ತಿರತ್ತೆ ನಿಮ್ಮನ್ನ. ನೂರಾ ಒಂದನೇ ಸಲ"
ಮಾತು ಅಲ್ಲೇ ಬಿಟ್ಟರು.
ಬಿದ್ದವರು ಯಾರೆಂದು ಯಾರೂ ಕೇಳಲಿಲ್ಲ.

ನಾನು ಕನ್ನಡದಲ್ಲಿ ತಡಕಿದೆ.
ಮೋಸದಿಂದ? ಸಾಲದು, ಅದು ತಕ್ಕಡಿಗೂ ಬರುತ್ತೆ.
ಬೆನ್ನಿಗೆ ಚೂರಿ? ರಸ್ತೆಗೆ ಚೂರಿ ಎಲ್ಲಿಂದ.
ನುಣ್ಣಗೆ. ಹಾಂ, ಇದು ಹತ್ತಿರ:
ಪಾಚಿಗಲ್ಲೂ ನುಣ್ಣಗೆ, ದೂರದ ಬೆಟ್ಟವೂ,
ಚೀಟಿ ಪಿಳ್ಳಮ್ಮ ಬೀದಿಯನ್ನೇ ಬೋಳಿಸಿದ್ದೂ ನುಣ್ಣಗೆ.

ಪುಸ್ತಕದಲ್ಲಿ ಬರೆದೆ:
ಪಿಳ್ಳಮ್ಮ ಟ್ರೆಚರಸ್ಲಿ ನಕ್ಕಳು.
ಮಿಸ್ಸು ಟಿಕ್ ಹಾಕಿದರು.
ಸರಿಯಿಲ್ಲ.
ಅವಳು ದಿನಾ ನಗುವ ಹಾಗೇ ನಕ್ಕಳು,
ಮನೆ ಖಾಲಿ ಮಾಡುವ ಹಿಂದಿನ ದಿನವೂ
ಬಾಗಿಲಲ್ಲಿ ಕೂತು ಕೊತ್ತಂಬರಿ ಬಿಡಿಸುತ್ತ
"ಕಾಫಿ ಕುಡ್ಕೊಂಡು ಹೋಗೇ" ಅಂದಳು.
ಆ ನಗುವಿಗೆ ವಿಶೇಷಣ ಏನೂ ಇರಲಿಲ್ಲ.
ಪದ ಹೊಡೆದುಹಾಕಿದೆ. ಪಿಳ್ಳಮ್ಮ ನಕ್ಕಳು. ಅಷ್ಟೆ.

ಕಾಫಿ ಕುಡಿದೆ ಕೂಡ. ಒಳಗೆ ಗೋಡೆಗೆ ಒರಗಿಸಿದ
ಮೂರು ಗೋಣಿಚೀಲ, ಹೊಲಿದ ಬಾಯಿ.
ನನ್ನ ಚೀಟಿ ಹೋದ ತಿಂಗಳೇ ಎತ್ತಿದ್ದೆ.
ಮಿಕ್ಕ ಕಂತು ಎಷ್ಟು ಉಳಿಯುತ್ತೆಂದು
ಬೆರಳು ತಾನಾಗಿ ಎಣಿಸಿತು.
ಆ ಸಂಜೆ ಫ್ಯಾಕ್ಟರಿ ವ್ಯಾನಿನಲ್ಲಿ ಜಬೀನಾ ಜೊತೆ
ಅವರೆಕಾಯಿ ರೇಟಿನ ಮಾತಾಡಿದೆ.

ಈಗಲೂ ಪಕ್ಕದಲ್ಲಿ ಅವಳೇ. ನಾನೇ ಚೀಟಿಗೆ ಸೇರಿಸಿದವಳು.
ಪೀಣ್ಯದಲ್ಲಿ ಕಾಲರು ಹೊಲಿದು ಕೂಡಿಸಿದ
ನಲವತ್ತೆರಡು ಸಾವಿರ.
ಪೆನ್ಸಿಲ್ಲು ಕಚ್ಚುತ್ತ ಪುಸ್ತಕ ನನ್ನ ಕಡೆ ಸರಿಸಿದಳು:
"ಅಕ್ಕ, ಸ್ಪೆಲಿಂಗ್ ನೋಡು, ಏನೋ ಬಿಟ್ಟಿದೀನಿ."
ಬಿಟ್ಟಿದ್ದಳು.
ಟೀ, ಆರ್, ಈ, ಆಮೇಲೆ ಒಂದು ಎ ಬರುತ್ತೆ, ಅಂದೆ.
"ಕೇಳಿಸಲೇ ಇಲ್ವಲ್ಲ?"
ಕೇಳಿಸಲ್ಲ. ಆದರೆ ಇರುತ್ತೆ ಅಲ್ಲಿ.
ಜಾಗ ಸಾಲದೆ, ಎರಡಕ್ಷರದ ನಡುವೆ ತೂರಿಸಿ
ದುಂಡಗೆ ಬರೆದಳು.