ಬೋಲ್ಟಿನ ತಂತಿ

ಅಮ್ಮತ್ತಿಯಲ್ಲಿ ಮೊಯ್ದುವಿನ ಶೆಡ್ಡು, ರಾತ್ರಿ ಹತ್ತೂಕಾಲು.
ಕರೆಂಟಿಲ್ಲ.
ದೇಚಮ್ಮನ ಬೈಕಿಗೆ ಕನ್ನಡಿಯಿಲ್ಲ, ನಂಬರಿಲ್ಲ,
ಹೆಡ್‌ಲೈಟಿನ ಕಣ್ಣಿಗೆ ಅಡ್ಡಡ್ಡ ಟೇಪು.
ಕಾಚಂಪುಳಿಯಷ್ಟು ಕಪ್ಪಾದ ಹಳೇ ಬ್ರೇಕೆಣ್ಣೆ
ಬಾಟಲಿಯಲ್ಲಿ, ಮೂಲೆಗೆ.

ಆಯಿಲ್ ಬೋಲ್ಟಿನ ತಲೆಗೆ ತೂತು ಕೊರೆಯಲು ಹೋಗಿ
ಕೈಡ್ರಿಲ್ಲಿನ ಮೂರು ಮೊನೆ ಮುರಿದವು.
ನಾಲ್ಕನೆಯದಕ್ಕೆ ಮೊಯ್ದು ಉಸಿರೇ ಬಿಡಲಿಲ್ಲ.
ತಂತಿ ಪೋಣಿಸಿದ, ಹೆಣೆದ, ಬಿಗಿದ —
ಮಗಳ ಜಡೆಗೂ ಇಷ್ಟು ಹೊತ್ತು ಕೂತವನಲ್ಲ.

“ಬಿಚ್ಚೋದೇ ಇಲ್ಲ ಇದು. ಯಾಕಿಷ್ಟು?”

“ಬಿಚ್ಚಿದ್ರೆ ಬೀಳೋದು ನಾನೊಬ್ಬಳೇ ಅಲ್ಲ, ಮೊಯ್ದುಕ್ಕ.
ತೊಟ್ಟು ಎಣ್ಣೆ ಸಾಕು, ತಿರುವಲ್ಲಿ
ಹಿಂದೆ ಬರೋರಿಗೆ.
ಅವರ ಹೆಸರೂ ಗೊತ್ತಿರಲ್ಲ.”

ಟಾರ್ಚು ಹಲ್ಲಲ್ಲಿ ಕಚ್ಚಿಕೊಂಡು
ಇನ್ನೊಂದು ಸುತ್ತು ತಿರುಚಿದ.
ಚೈನಿನ ಸಡಿಲು ಎರಡು ಬೆರಳು, ನೋಡಿದ; ಮತ್ತೆ ನೋಡಿದ.

ಹೊರಗೆ ಟ್ರೇಲರು. ಕೊಯಮತ್ತೂರು ದೂರ.
ಬೆರಳ ರಕ್ತ ಪ್ಯಾಂಟಿಗೆ ಒರೆಸುತ್ತ ಅಂದ:
“ಹೆಸರು ಗೊತ್ತಾದ್ರೆ ಬಂದು ಹೇಳು.”